ಇತರೆ ಆದಾಯ

ಯಾರನ್ನೂ ಸುಲಭಕ್ಕೆ ನಂಬದ ಗುಣ ನನಗೆ ಹುಟ್ಟಿನಿಂದ ಬಂದದ್ದಲ್ಲ, ಸಂಬಳ ಕೊಟ್ಟು ಕಲಿಸಿದ್ದು. ಎಪ್ಪತ್ತರ ದಶಕದಲ್ಲಿ ನಾನು ರಾಯಚೂರಿನ ಜಕಾತಿ ನಾಕಾದಲ್ಲಿ ಗುಮಾಸ್ತನಾಗಿದ್ದೆ. ಊರೊಳಗೆ ಮಾರಾಟಕ್ಕೆ ಬರುವ ಸಾಮಾನಿಗೆ ಊರ ಬಾಗಿಲಲ್ಲೇ ಸುಂಕ ಕಟ್ಟಬೇಕಾಗಿದ್ದ ಕಾಲ ಅದು. ರಸ್ತೆಗೆ ಅಡ್ಡ ಒಂದು ಬಿದಿರು, ಪಕ್ಕದಲ್ಲಿ ತಗಡಿನ ಶೆಡ್ಡು, ಒಳಗೆ ನಾನು ಮತ್ತು ನನ್ನ ರಶೀದಿ ಪುಸ್ತಕ. ಗುಂಜಹಳ್ಳಿ ಕಡೆಯಿಂದ ಬರುವ ಬಂಡಿಯಲ್ಲಿ ಮೇಲೆ ಮೇವು ಕಂಡರೆ ಕೆಳಗೆ ಶೇಂಗಾ ಚೀಲ ಇದೆ ಎಂದೇ ತಿಳಿಯಬೇಕು. ಮದುವೆಯವರ ಲಾರಿಯಲ್ಲಿ ಹೊಸ ಹಾಸಿಗೆ ಸುರುಳಿ ಇದ್ದರೆ ಅದರೊಳಗೆ ತುಪ್ಪದ ಡಬ್ಬಿ ಇರುತ್ತದೆ. ಬುಟ್ಟಿ ಹೊತ್ತ ಹೆಂಗಸು ದೂರದಲ್ಲಿ ನಿಧಾನಕ್ಕೆ ಬಂದು ನಮ್ಮ ಶೆಡ್ಡಿನ ಮುಂದೆ ಮಾತ್ರ ದಾಪುಗಾಲು ಹಾಕಿದರೆ ಅವಳನ್ನು ನಿಲ್ಲಿಸಲೇಬೇಕು. ಹತ್ತರಲ್ಲಿ ಎಂಟು ಸಲ ನನ್ನ ಅನುಮಾನ ನಿಜವಾಗುತ್ತಿತ್ತು. ಉಳಿದೆರಡು ಸಲ ಅವರು ನನಗಿಂತ ಜಾಣರು ಎಂದುಕೊಂಡೆನೇ ಹೊರತು ಅವರು ಸಾಚಾ ಇರಬಹುದು ಎಂದು ಒಮ್ಮೆಯೂ ಅನ್ನಿಸಲಿಲ್ಲ.

ಮನೆಗೆ ಬಂದರೂ ಈ ಚಟ ಬಿಡುತ್ತಿರಲಿಲ್ಲ. ಹೆಂಡತಿ ತಂದ ಬದನೆಕಾಯಿಯನ್ನು ಕೈಯಲ್ಲಿ ತೂಗಿ ನೋಡುತ್ತಿದ್ದೆ. ಹಾಲಿನವನು ಪಾತ್ರೆಗೆ ಹಾಲು ಸುರಿಯುವಾಗ ಅವನ ಬೆರಳು ಅಳತೆಯೊಳಗೆ ಎಷ್ಟು ಇಳಿದಿದೆ ಎಂದು ಬಗ್ಗಿ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಮಾತು ದಖನಿ. "ಸಬ್ ಕೂ ಚೋರಿಚ್ ಸಮಜ್ತೆ ತುಮೆ" ಎಂದು ಅವಳು ಸಿಡುಕುತ್ತಿದ್ದಳು. ಎಲ್ಲರನ್ನೂ ಕಳ್ಳರೆಂದೇ ತಿಳಿಯುತ್ತೀರಿ ಎಂದು. ನಾನು ಹೌದು ಅನ್ನುತ್ತಿದ್ದೆ. ಆ ಹೌದಿನಲ್ಲಿ ನನಗೆ ಸಣ್ಣದೊಂದು ಜಂಬವೂ ಇತ್ತು, ಈಗ ಒಪ್ಪಿಕೊಳ್ಳುತ್ತೇನೆ.

ದಶಕ ಮುಗಿಯುವ ಹೊತ್ತಿಗೆ ಸರ್ಕಾರ ಜಕಾತಿಯನ್ನೇ ತೆಗೆದುಹಾಕಿತು. ಬಿದಿರು ಎತ್ತಿ ಇಟ್ಟರು, ನಮ್ಮನ್ನು ಆ ಕಚೇರಿ ಈ ಕಚೇರಿ ಎಂದು ಹಂಚಿದರು. ನನ್ನ ಪಾಲಿಗೆ ಬಂದದ್ದು ಹಳ್ಳಿಗಳ ಸಮೀಕ್ಷೆ. ಮಾನ್ವಿ ಮತ್ತು ದೇವದುರ್ಗ ತಾಲೂಕುಗಳ ಊರೂರಿಗೆ ಹೋಗಿ ಯಾವ ಮನೆಗೆ ಏನು ಬರುತ್ತದೆ, ಏನು ಖರ್ಚಾಗುತ್ತದೆ, ಯಾವ ಕರ ಕಟ್ಟುತ್ತಾರೆ, ಏನು ಉಣ್ಣುತ್ತಾರೆ ಎಂದು ಬರೆದುಕೊಂಡು ಬರುವುದು. ಅದರ ಮೇಲೆ ಬಡವರ ಪಟ್ಟಿ ಮಾಡಿ, ಪಟ್ಟಿಯಲ್ಲಿದ್ದವರಿಗೆ ಜನತಾ ಮನೆ ಕೊಡುತ್ತಾರೆ. ಒಂದು ದೊಡ್ಡ ಹಾಳೆ. ಎಡಕ್ಕೆ ಆದಾಯ, ಬಲಕ್ಕೆ ಖರ್ಚು. ಪ್ರತಿ ಮನೆಗೆ ಒಂದು ವಾರ, ದಿನಕ್ಕೊಮ್ಮೆ ಹೋಗಬೇಕು. ಎರಡೂ ಬದಿ ಕೊನೆಗೆ ತಾಳೆಯಾಗಬೇಕು. ಮೇಲಧಿಕಾರಿ ಮೊದಲ ದಿನವೇ ಹೇಳಿದ್ದರು: "ಖರ್ಚು ಹೆಚ್ಚಿದ್ದು ಆದಾಯ ಕಮ್ಮಿ ಇದ್ದರೆ ಮನೆಯವರು ಮುಚ್ಚಿಡಾಕತ್ತಾರ ಅಂತ ತಿಳೀರಿ. ಎಲ್ಲಿಂದ ಬರ್ತದ ಹುಡುಕ್ರಿ. ಸಿಗಲಿಲ್ಲಂದ್ರ ಹಾಳ್ಯಾಗ ಇತರೆ ಆದಾಯ ಅಂತ ಒಂದು ಮನಿ ಅದ, ಅದರಾಗ ಬರದು ತಾಳಿ ಮಾಡ್ರಿ." ಈ ಮಾತು ಕೇಳಿ ನನಗೆ ತವರಿಗೆ ಬಂದಷ್ಟು ಸಮಾಧಾನವಾಯಿತು.

ಮೊದಲು ಮಾನ್ವಿ ಕಡೆ ಹೋದೆ. ಕಾಲುವೆ ನೀರು ಬಂದು ಭತ್ತ ಬೆಳೆಯುವ ಊರುಗಳು ಅವು. ಒಬ್ಬ ಯಜಮಾನರು ಪಡಸಾಲೆಯಲ್ಲಿ ಕೂಡಿಸಿ, ಕೈ ಮುಗಿದು, "ಏನ್ ಬರಕೋತೀರಿ ಸಾಹೇಬ್ರ, ಬಂದದ್ದೆಲ್ಲಾ ನೀರಿನ ಕರಾ ಕಟ್ಟೂದ್ರಾಗ ಮುಗದ್ ಹೋಗ್ತದ" ಎಂದರು. ಅವರ ಬೆನ್ನ ಹಿಂದೆ ಗೋಣಿಚೀಲಗಳ ಗುಡ್ಡೆ, ಗುಡ್ಡೆಯ ಕೆಳಗಿನಿಂದ ಹೊಸ ಮೋಟಾರ್ ಸೈಕಲ್ಲಿನ ಗಾಲಿ ಕಾಣುತ್ತಿತ್ತು. ಅದೇನು ಎಂದೆ. "ಅದು ಬೀಗರದ್ರಿ." ಬೀಗರು ಎಲ್ಲಿ ಎಂದೆ. "ಊರಿಗೆ ಹೋಗ್ಯಾರ್ರಿ." ಹೇಗೆ ಹೋದರು ಎಂದು ಕೇಳಲು ಬಾಯಿ ತುರಿಸಿತು, ಕೇಳಲಿಲ್ಲ. ಆಮೇಲೆ ಅವರೇ ನನ್ನ ಮುಖ ದಿಟ್ಟಿಸಿ, "ನಿಮ್ಮನ್ನ ರಾಯಚೂರು ನಾಕಾದಾಗ ನೋಡೀನಲ್ರಿ?" ಎಂದರು. ಅಷ್ಟೇ. ಸಂಜೆಯೊಳಗೆ ಊರಿಗೆ ಊರೇ ನಾಕಾದವನು ಬಂದಿದ್ದಾನೆ, ಇನ್ನು ಕೋಳಿಗೂ ಕರ ಬೀಳುತ್ತದೆ ಎಂದು ಮಾತಾಡಿಕೊಂಡಿತು. ಮರುದಿನದಿಂದ ಯಾರ ಹಿತ್ತಲಲ್ಲೂ ಕೋಳಿಯ ಸದ್ದಿಲ್ಲ. ಹಾಗಾಗಿ ಅಲ್ಲಿ ನಾವಿಬ್ಬರೂ, ಅಂದರೆ ಊರವರು ಮತ್ತು ನಾನು, ಒಬ್ಬರನ್ನೊಬ್ಬರು ನಂಬದೆ ಸುಖವಾಗಿ ಹದಿನೈದು ದಿನ ಕಳೆದೆವು.

ಆಮೇಲೆ ದೇವದುರ್ಗದ ಕಡೆ. ಗೂಗಲ್ ಎಂಬ ಊರಿನ ಆಚೆಗೆ, ಹೊಳೆದಂಡೆಯ ಒಂದು ಹಳ್ಳಿ. ಅಲ್ಲಿ ಊರ ಹೊರಗಿನ ಕೇರಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು, ನಲವತ್ತರ ಹತ್ತಿರದ ವಯಸ್ಸು. ಗಂಡ ತೀರಿಕೊಂಡು ಆರು ವರ್ಷ. ಮುದಿ ಅತ್ತೆ, ಇಬ್ಬರು ಹೆಣ್ಣುಮಕ್ಕಳು. ಮೈದುನನ ಮನೆಯ ಗೋಡೆಗೆ ತಗಡು ಆನಿಸಿಕೊಂಡು ಇವರ ವಾಸ. ಮೈದುನ ತನ್ನ ಮಗನ ಮದುವೆ ಗೊತ್ತುಮಾಡಿದ್ದ. ಬರುವ ಬೇಸಿಗೆಯೊಳಗೆ ಜಾಗ ಬಿಡಬೇಕು ಎಂದು ಹೇಳಿಬಿಟ್ಟಿದ್ದ. ಹೋಗಲು ಅವಳಿಗೆ ಇನ್ನೊಂದು ಜಾಗ ಇರಲಿಲ್ಲ. ನಾನು ಮೊದಲ ದಿನ ಹೋದಾಗ ಅವಳು ಮುಚ್ಚುಮರೆ ಇಲ್ಲದೆ ಕೇಳಿದಳು: "ಯಪ್ಪಾ, ಇದರಾಗ ಹೆಸರ್ ಬಿದ್ರ ಮನಿ ಬರ್ತದಂತಲ್ರಿ, ಖರೇ ಏನ್ರಿ?" ನಾನು ಬರೆಯುವವನಷ್ಟೇ, ಕೊಡುವವನಲ್ಲ ಎಂದೆ. ಒಳಗೊಳಗೆ, ಓಹೋ, ಮನೆಯ ಆಸೆಗೆ ಇವಳು ಎಷ್ಟನ್ನು ಮುಚ್ಚಿಡುತ್ತಾಳೋ ನೋಡೋಣ ಎಂದುಕೊಂಡೆ.

ಬೇರೆ ನೌಕರರು ಕೇರಿಗೆ ಬಂದರೆ ಬೇವಿನ ಮರದ ಕೆಳಗೆ ನಿಂತು ಕೂಗಿ ಕೇಳಿ, ಬರೆದುಕೊಂಡು ಹೋಗುತ್ತಿದ್ದರು. ನಾನು ಹಾಗಲ್ಲ. ಒಳಗೆ ಹೋಗಿ ಚಾಪೆ ಮೇಲೆ ಕೂತೆ. ನಮ್ಮಲ್ಲಿ ಆ ಮಡಿ ಮೈಲಿಗೆ ಇಲ್ಲ ಎಂಬ ಹೆಮ್ಮೆ ಒಂದು. ಒಳಗೆ ಕೂತರೆ ಏನೇನಿದೆ ಎಂದು ಕಣ್ಣಾಡಿಸಬಹುದು ಎಂಬ ಲೆಕ್ಕ ಇನ್ನೊಂದು. ಅವಳು ನಾನು ಕೂತದ್ದನ್ನು ನೋಡಿದಳು, ಒಲೆಯ ಕಡೆ ನೋಡಿದಳು. ಆಮೇಲೆ, "ಚಾ ಕುಡೀತೀರೇನ್ರಿ?" ಎಂದು ಬಹಳ ಮೆಲ್ಲಗೆ ಕೇಳಿದಳು. ಕುಡಿಯುತ್ತೇನೆ ಎಂದೆ. ಹಾಲು ಹಾಕಿದ, ಸಕ್ಕರೆ ತುಸು ಹೆಚ್ಚೇ ಆದ ಚಹಾ ಬಂತು. ಏಳು ದಿನವೂ ಬಂತು.

ಆದಾಯ ಕೇಳಿದರೆ ಅವಳ ಉತ್ತರ ಪಟಪಟ. ಹತ್ತಿ ಬಿಡಿಸಲು ಹೋದರೆ ಇಷ್ಟು, ಕಳೆ ತೆಗೆದರೆ ಇಷ್ಟು, ಕೆಲವರು ರೊಕ್ಕದ ಬದಲು ಜೋಳ ಅಳೆಯುತ್ತಾರೆ, ಬಿಡುವಿದ್ದಾಗ ಊರವರ ಹಳೆ ಸೀರೆಗಳನ್ನು ಸೇರಿಸಿ ಕೌದಿ ಹೊಲಿದರೆ ಇಷ್ಟು. ಎಡಬದಿ ನಾಲ್ಕೇ ಸಾಲಿನಲ್ಲಿ ಮುಗಿಯಿತು. ಬಲಬದಿಗೆ ಬಂದೆ. ನಿನ್ನೆ ಊಟವಾಯಿತೇ?

"ಆಗ್ಯಾದ್ರಿ."

"ಎಷ್ಟು ಹೊತ್ತು?"

"ಮೂರ್ ಹೊತ್ತ ಉಂಡೀವ್ರಿ. ರೊಟ್ಟಿ, ಬ್ಯಾಳಿ, ಪುಂಡಿಪಲ್ಲೆ."

ಮರುದಿನ ಕೇಳಿದೆ, ಉಂಡೀವ್ರಿ. ಅದರ ಮರುದಿನವೂ ಉಂಡೀವ್ರಿ. ನಾಲ್ಕು ಜನ, ಮೂರು ಹೊತ್ತು, ರೊಟ್ಟಿ ಬೇಳೆ ಪಲ್ಲೆ. ಜೊತೆಗೆ ನನ್ನ ಕಣ್ಣಾರೆ ಕಂಡ ಚಹಾಪುಡಿ, ಹಾಲು, ಸಕ್ಕರೆ. ಆ ವರ್ಷ ಸಕ್ಕರೆ ಎಷ್ಟು ತುಟ್ಟಿಯಾಗಿತ್ತೆಂದರೆ ರಾಯಚೂರಿನಲ್ಲಿ ನನ್ನ ಹೆಂಡತಿಯೇ ಚಹಾಕ್ಕೆ ಬೆಲ್ಲ ಹಾಕುತ್ತಿದ್ದಳು. ಇಲ್ಲಿ ಈ ಕೂಲಿ ಹೆಂಗಸಿನ ಮನೆಯಲ್ಲಿ ದಿನಾ ಸಕ್ಕರೆ! ಅಮಲ್ದಾರರ ಮನೆಯಲ್ಲೂ ಸಿಗದ ಚಹಾ ಎಂದುಕೊಂಡು ಕುಡಿದೆ, ಕುಡಿದು ಅವಳ ಖರ್ಚಿನ ಬದಿಗೆ ಬರೆದೆ. ಒಂದು ದಿನವೂ ಬಿಡಲಿಲ್ಲ.

ಐದನೆಯ ದಿನ ನನ್ನ ಕೈಗೆ ಸಾಕ್ಷಿಯೇ ಸಿಕ್ಕಿತು. ನಾನು ಬರುವ ಹೊತ್ತಿಗೆ ಅವಳು ಸೀರೆಯ ಉಡಿಯಲ್ಲಿ ಏನನ್ನೋ ಕಟ್ಟಿಕೊಂಡು ಕಿರಾಣಿ ಅಂಗಡಿಯ ಕಡೆ ಸರಸರ ಹೋಗುತ್ತಿದ್ದಳು. ನನ್ನನ್ನು ಕಂಡವಳೇ ಸೆರಗು ಮುಂದೆ ಎಳೆದುಕೊಂಡಳು. ನಾಕಾದಲ್ಲಿ ಒಂಬತ್ತು ವರ್ಷ ಕೂತವನ ಕಣ್ಣು ತಪ್ಪಿಸುವುದುಂಟೇ? ಮರೆಯಲ್ಲಿ ನಿಂತು ನೋಡಿದೆ. ಅಂಗಡಿಯವನು ಅವಳ ಉಡಿಯಿಂದ ಜೋಳ ಅಳೆದುಕೊಂಡ. ಇವಳು ಏನೋ ಪೊಟ್ಟಣ ತೆಗೆದುಕೊಂಡು ಹೊರಟಳು. ಜೋಳ ಮಾರುವಷ್ಟು ಜೋಳ ಇದೆ! ಉಂಡು ಮಿಕ್ಕಿದ್ದು ಇದೆ, ಎಲ್ಲೋ ಕೂಡಿಟ್ಟದ್ದಿದೆ, ನನಗೆ ಹೇಳಿಲ್ಲ. ಇಂಥ ಖುಷಿ ನನಗೆ ಹಾಸಿಗೆಯಲ್ಲಿ ತುಪ್ಪದ ಡಬ್ಬಿ ಸಿಕ್ಕಾಗಲೂ ಆಗಿರಲಿಲ್ಲ.

ವಾರ ಮುಗಿದ ಮೇಲೆ ಹಾಳೆ ಕೂಡಿಸಿದೆ. ಖರ್ಚು ಆದಾಯಕ್ಕಿಂತ ಸುಮಾರು ಅರ್ಧದಷ್ಟು ಹೆಚ್ಚು. ಹಾಗಾದರೆ ಬರುತ್ತಿರುವುದು ಎಲ್ಲಿಂದ? ನಾನು ಅವಳನ್ನು ಕೇಳಲಿಲ್ಲ. ಕೇಳಿದರೆ ಸುಳ್ಳು ಹೇಳುತ್ತಾಳೆ, ಸುಮ್ಮನೆ ಹೊತ್ತು ಹಾಳು. "ಇತರೆ ಆದಾಯ" ಎಂಬ ಮನೆಯಲ್ಲಿ ಕೊರತೆಯಷ್ಟನ್ನೂ ಬರೆದು ಎರಡೂ ಬದಿ ತಾಳೆ ಮಾಡಿ ಸಹಿ ಹಾಕಿದೆ.

ಎರಡು ತಿಂಗಳಾದ ಮೇಲೆ ಪಟ್ಟಿ ಬಂತು. ಅದನ್ನು ಚಾವಡಿಯ ಗೋಡೆಗೆ ಅಂಟಿಸುವ ಕೆಲಸವೂ ನನ್ನದೇ. ಅಂಟು ಆರುವ ಮೊದಲೇ ಜನ ಸೇರಿದರು. ಅವಳೂ ಬಂದು ಹಿಂದೆ ನಿಂತಿದ್ದಳು. ಎಲ್ಲರೂ ಹೋದ ಮೇಲೆ, "ನಂದು ಓದ್ರಿ ಯಪ್ಪಾ" ಎಂದಳು. ಓದುವುದೇನಿತ್ತು, ನನಗೆ ಗೊತ್ತಿತ್ತು. ಆದರೂ ಮೇಲಿನಿಂದ ಕೆಳಗೆ ಬೆರಳಾಡಿಸಿದೆ. ಇಲ್ಲ ಎಂದೆ. "ಇನ್ನೊಮ್ಮಿ ನೋಡ್ರಿ." ಇನ್ನೊಮ್ಮೆ ನೋಡಿದೆ. ಇಲ್ಲ. ಅವಳು ಜಗಳಾಡಲಿಲ್ಲ, ಅಳಲಿಲ್ಲ. ಗೋಡೆಯ ಮೇಲಿನ ಹಾಳೆಯನ್ನು ಒಂದಷ್ಟು ಹೊತ್ತು ನೋಡಿ ಹೊರಟುಹೋದಳು. ಬಾಯಿ ಮಾಡಿದ್ದರೆ ನನಗೂ ಹಗುರವಾಗುತ್ತಿತ್ತು.

ಬಸ್ಸಿಗೆ ಹೊತ್ತಿತ್ತೆಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕೂತೆ. ಅಂಗಡಿಯವನು ಹೀಗೇ ಮಾತು ತೆಗೆದ. "ಆಕಿ ಹೆಸರು ಬರಬೇಕಿತ್ತು ಬಿಡ್ರಿ." ನಾನು ನಕ್ಕೆ. ಜೋಳ ಮಾರುವವರಿಗೆಲ್ಲ ಮನೆ ಕೊಡಲು ಆಗುತ್ತದೆಯೇ ಎಂದೆ.

ಅವನು ತಕ್ಕಡಿ ಬಿಟ್ಟು ನನ್ನ ಕಡೆ ನೋಡಿದ. "ಯಾವ ಜ್ವಾಳರಿ? ನೀವು ಬರಾಕ ಹತ್ತಿದ ವಾರ ದಿನಾ ಸೇರು ಜ್ವಾಳ ತಂದು ಕೊಟ್ಟು ಚಾಪುಡಿ, ಸಕ್ರಿ ಒಯ್ತಿದ್ಲು. ಕೂಲಿ ಜ್ವಾಳ ಅದು. ರೊಟ್ಟಿಗೇನ್ ಮಾಡ್ತಿ ಬೇ ಅಂದ್ರ, ಸಾಹೇಬ್ರು ಒಳಗ ಬಂದು ಕುಂದರ್ತಾರ ಅಣ್ಣಾ, ಬರೇ ನೀರ್ ಹೆಂಗ ಕೊಡ್ಲಿ ಅಂತಿದ್ಲು."

ನಾನು ಅವನನ್ನೂ ನಂಬಲಿಲ್ಲ. ಅವಳೇ ಹೇಳಿಕೊಟ್ಟಿರಬೇಕು ಎಂದು ತಕ್ಷಣ ಅನ್ನಿಸಿತು. ಆದರೆ ಅವನ ಅಂಗಡಿಯಲ್ಲಿ ಅವಳು ಅದಕ್ಕೆ ಮೊದಲು ಸಕ್ಕರೆ ಒಯ್ದಿದ್ದಳೇ, ಆಮೇಲೆ ಒಯ್ದಳೇ ಎಂದು ಅಡ್ಡ ಪ್ರಶ್ನೆ ಹಾಕಿದಾಗ ಅವನು ಯೋಚಿಸದೇ, "ಹೋದ ಉಗಾದಿಗೆ ಬೆಲ್ಲ ಒಯ್ದಿದ್ಲು, ಅಷ್ಟ" ಎಂದ. ಬಸ್ಸು ಬಂತು, ಹೋಯಿತು. ನಾನು ಕೇರಿಗೆ ಹೋದೆ.

ಅವಳು ಹೊರಗೆ ಕೂತು ಕೌದಿಗೆ ಟಾಕು ಹಾಕುತ್ತಿದ್ದಳು. ನಿಂತೇ ಕೇಳಿದೆ, ಆ ವಾರ ಮೂರು ಹೊತ್ತು ಉಂಡಿದ್ದು ನಿಜವೇ ಎಂದು. ಸೂಜಿ ನಿಲ್ಲಿಸಲಿಲ್ಲ. "ಒಂದ್ ಹೊತ್ತು ಉಂತಿದ್ವಿರಿ. ಹುಡಿಗ್ಯಾರು ಎರಡ್ ಹೊತ್ತು."

"ಹಾಂಗಂತ ಯಾಕ ಹೇಳಲಿಲ್ಲ? ಬರೆಯೋದು ಮನಿ ಸಲುವಾಗಿ ಅಂತ ಗೊತ್ತಿತ್ತಲ್ಲ?"

ಆಗ ತಲೆ ಎತ್ತಿದಳು. "ಮನಿಗೆ ಬಂದವ್ರು ಊಟಾ ಆತೇನು ಅಂದ್ರ ಇಲ್ಲಂತ ಹೆಂಗ ಅಂತಾರ್ರಿ? ಅಂದ್ರ ಬೇಡಿದಂಗ ಆಗ್ತದ. ಮತ್ತ ಉಂಡಿಲ್ಲ ಅಂದಿದ್ರ, ನಮ್ಮನ್ಯಾಗ ನೀವು ಚಾ ಕುಡೀತಿದ್ರೇನ್ರಿ?"

ನನ್ನದೂ ಇದೇ ಸೀಮೆ. ನಮ್ಮ ತಾಯಿಯ ಮನೆಯಲ್ಲೂ ಬಂದವರ ಮುಂದೆ ಉಂಡಿಲ್ಲ ಎಂದವರಿಲ್ಲ. ಊಟವಾಯಿತೇ ಎಂದು ದಾರಿಯಲ್ಲಿ ಯಾರು ಕೇಳಿದರೂ ಆಯಿತು ಎಂದೇ ನಾನೂ ಹೇಳುತ್ತ ಬೆಳೆದವನು. ಮುಚ್ಚಿಟ್ಟ ತುಪ್ಪ, ಮುಚ್ಚಿಟ್ಟ ಶೇಂಗಾ ಎಲ್ಲ ಹುಡುಕಿದ ನನಗೆ ಮುಚ್ಚಿಟ್ಟ ಹಸಿವು ಹೊಳೆಯಲಿಲ್ಲ. ಅವಳು ಕೂಳು ಮಾರಿ ಕುಡಿಸಿದ್ದನ್ನು ಅವಳ ಐಶ್ವರ್ಯ ಎಂದು ಬರೆದು ಸಹಿ ಹಾಕಿದ್ದೆ. ನಾಚಿಕೆಗೇಡು. ಬೇರೆ ಮಾತು ಇಲ್ಲ.

ತಕರಾರು ಸಲ್ಲಿಸಲು ಇನ್ನೂ ಕೆಲವು ದಿನ ಇತ್ತು. ಅವಳ ಹೆಬ್ಬೆಟ್ಟು ಒತ್ತಿಸಿಕೊಂಡು, ಇತರೆ ಆದಾಯ ಎಂಬುದು ನಾನು ಊಹೆಯಿಂದ ಬರೆದದ್ದು ಎಂದು ನಾನೇ ಅರ್ಜಿ ಬರೆದು ಕೊಟ್ಟೆ. ಮೇಲಧಿಕಾರಿ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು, "ಆಕಿ ನಿಮಗ ಎಷ್ಟು ಕೊಟ್ಟಳು?" ಎಂದರು. ಅವರನ್ನು ಬೈಯಲು ನನಗೆ ಯಾವ ಹಕ್ಕಿತ್ತು? ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಕೇಳುತ್ತಿದ್ದೆ. ನನಗೊಂದು ನೋಟಿಸು ಕೊಟ್ಟರು, ಅವಳ ಮನೆಗೆ ಮರುತಪಾಸಣೆ ಎಂದು ಬರೆದರು.

ತಪಾಸಣೆಗೆ ದೇವದುರ್ಗದಿಂದ ವಯಸ್ಸಾದ ಒಬ್ಬ ಅಧಿಕಾರಿ ಬಂದರು. ದಾರಿ ತೋರಿಸಲು ನನ್ನನ್ನೂ ಕರೆದರು. ನಾನು ಹಿಂದಿನ ದಿನವೇ ಹೋಗಿ ಅವಳಿಗೆ ನೂರು ಸಲ ಹೇಳಿ ಬಂದಿದ್ದೆ. ನಾಳೆ ಕೇಳಿದರೆ ಇದ್ದದ್ದು ಹೇಳು, ಒಂದು ಹೊತ್ತು ಎನ್ನು, ಚಹಾ ಗಿಹಾ ಮಾಡಬೇಡ. "ಹೂಂರಿ" ಎಂದಿದ್ದಳು.

ಅಧಿಕಾರಿ ಒಳಗೆ ಬರಲಿಲ್ಲ. ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡರು. ಕೇರಿಯೆಲ್ಲ ಸುತ್ತ ಸೇರಿತು. ಮೈದುನ ತನ್ನ ಬಾಗಿಲಲ್ಲಿ ನಿಂತಿದ್ದ, ಅವನ ಪಕ್ಕದಲ್ಲಿ ಅವತ್ತೇ ಬಂದಿದ್ದ ಹೊಸ ಬೀಗರು. ಅವಳು ತಗಡಿನ ಮರೆಯಲ್ಲಿ ತಲೆ ಮೇಲೆ ಸೆರಗು ಹೊದ್ದು ನಿಂತಳು. ಅಧಿಕಾರಿ ಕಾಗದದಿಂದ ಕಣ್ಣೆತ್ತದೆ ಕೇಳಿದರು, "ಏನವಾ, ಊಟಾ ಆತೇನು?"

"ಆಗ್ಯಾದ್ರಿ."

"ದಿನಾ ಎಷ್ಟು ಹೊತ್ತು ಉಂತೀರಿ?"

ಅವಳು ಬೀಗರ ಕಡೆ ನೋಡಿದಳು, ಅತ್ತೆಯ ಕಡೆ ನೋಡಿದಳು, ನನ್ನ ಕಡೆ ನೋಡಲಿಲ್ಲ. "ಮೂರ್ ಹೊತ್ರಿ."

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. ಅವರು ಬರೆದರೆ ಮುಗಿಯಿತು. ನನಗೆ ಏನಾಯಿತೋ, "ಸುಳ್ಳು ಹೇಳಾಕತ್ತಾಳ್ರಿ!" ಎಂದು ಕೂಗಿದೆ. ಅಷ್ಟಕ್ಕೇ ಬಿಡಲಿಲ್ಲ. ಅವಳನ್ನು ದಾಟಿ ಒಳಗೆ ನುಗ್ಗಿ, ಒಲೆಯ ಪಕ್ಕದ ಜೋಳದ ಗಡಿಗೆಯನ್ನು ಎತ್ತಿ ತಂದು ಬೇವಿನ ಕೆಳಗೆ ಎಲ್ಲರ ಮುಂದೆ ಬೋರಲು ಹಾಕಿದೆ. ಒಂದು ಹಿಡಿ ಜೋಳ ಬಿತ್ತು, ಜೊತೆಗೆ ಒಂದಿಷ್ಟು ಕಸ. "ನಾಕು ಮಂದಿಗೆ ಇದು ನೋಡ್ರಿ ಮೂರು ಹೊತ್ತಿಂದು" ಎಂದೆ. ಬೀಗರು ಮುಖ ತಿರುಗಿಸಿದರು. ಮುದುಕಿ ಗೋಡೆಯ ಕಡೆಗೆ ಹೊರಳಿ ಕೂತಳು. ದೊಡ್ಡ ಹುಡುಗಿ ಬಂದು ನನ್ನ ಕಾಲ ಬುಡದ ಜೋಳವನ್ನು ಒಂದೊಂದಾಗಿ ಆರಿಸಿ ಉಡಿಗೆ ಹಾಕಿಕೊಂಡಳು. ಅಧಿಕಾರಿ ಇದ್ದದ್ದನ್ನು ಬರೆದುಕೊಂಡರು.

ಆಗ ಅವಳು ಆಡಿದ್ದು ಒಂದೇ ಮಾತು. "ಒಲಿ ತನಕಾ ಚಪ್ಲಿ ಹಾಕ್ಕೊಂಡು ಹೋಗಿದ್ರಿ ನೀವು" ಎಂದಳು. ನೋಡಿಕೊಂಡೆ. ಹೌದು, ಚಪ್ಪಲಿ ಕಾಲಲ್ಲೇ ಇತ್ತು.

ತಿದ್ದಿದ ಪಟ್ಟಿಯಲ್ಲಿ ಅವಳ ಹೆಸರು ಬಂತು. ಬೇಸಿಗೆ ಹೊತ್ತಿಗೆ ಊರ ಅಂಚಿನಲ್ಲಿ ಸಾಲಾಗಿ ಮನೆಗಳು ಎದ್ದವು, ಒಂದು ಕೋಣೆ, ಮೇಲೆ ಹಂಚು, ಮುಂದೆ ಎರಡಡಿ ಕಟ್ಟೆ. ನಾನು ನೋಡಲೆಂದೇ ಹೋದೆ. ಒಳ್ಳೆಯದು ಮಾಡಿದೆ ಎಂದು ಅವಳ ಬಾಯಿಂದ ಕೇಳುವ ಆಸೆಯಿಂದ ಹೋದೆನೋ ಎಂದು ನನ್ನ ಮೇಲೆ ನನಗೇ ಅನುಮಾನ, ಅದು ಇವತ್ತಿಗೂ ಹೋಗಿಲ್ಲ. ಅವಳು ಕಟ್ಟೆಗೆ ಸಗಣಿ ಸಾರಿಸುತ್ತಿದ್ದಳು. ನನ್ನನ್ನು ಕಂಡು ಎದ್ದು, ಕೈ ತೊಳೆದುಕೊಂಡು, ಸೆರಗು ಸರಿಮಾಡಿ ಬಾಗಿಲಿಗೆ ಅಡ್ಡ ನಿಂತಳು. ಮುಖದಲ್ಲಿ ಸಿಟ್ಟು ಇರಲಿಲ್ಲ.

"ಮನಿ ಬಂತ್ರಿ ಸಾಹೇಬ್ರ, ನಿಮ್ಮಿಂದನ ಬಂತು, ಮರಿಯಂಗಿಲ್ಲ" ಎಂದಳು. "ಆದ್ರ ಈ ಮನಿಗೆ ನೀವು ಬರಬ್ಯಾಡ್ರಿ."